ದಸ್ತಗೀರ್ ಸಾಬರ ಕಲಾಯಿ

ಬಟವಾಡಿಯ ದಸ್ತಗೀರ್ ಸಾಬರು ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕುವವರು. ಸುತ್ತಲ ಊರುಗಳಲ್ಲಿ ಹಬ್ಬ ಬಂತೆಂದರೆ ಊಟದ ಕೊಪ್ಪರಿಗೆಗಳೆಲ್ಲ ಮೊದಲು ಅವರ ತಿದಿಯೊಲೆಯ ಮುಂದೆ ಬಂದು ಕೂರಬೇಕು. ಕಲಾಯಿ ಸವೆದ ಹಿತ್ತಾಳೆಯಲ್ಲಿ ಹುಳಿ ಕುದಿಸಿದರೆ ಅದು ಕಿಲುಬಾಗಿ, ಉಂಡವರೆಲ್ಲ ಹೊಟ್ಟೆ ಹಿಡಿದುಕೊಂಡು ಮನೆಗೆ ಹೋಗಬೇಕಾಗುತ್ತದೆ.

ಎಪ್ಪತ್ತೆಂಟನೇ ಇಸವಿಯಲ್ಲಿ ಮಕ್ಕಳಿಗೆ ಮೂರು ದಿನ ಒಟ್ಟಿಗೆ ರಜ ಬಂತು. ಸಾಬರು ಹೆಂಡತಿ ಮಸ್ತಾನ್ ಬೀಯನ್ನೂ ಮಕ್ಕಳನ್ನೂ ಬಸ್ಸು ಹತ್ತಿಸಿದರು. ಶನಿವಾರ ಕುಣಿಗಲ್ಲಿನ ಉರುಸ್, ಭಾನುವಾರ ಗುಬ್ಬಿಯ ಹಬ್ಬ. ಕುಣಿಗಲ್ಲಿನಲ್ಲಿ ಮಕ್ಕಳು ಬತ್ತಾಸಿನ ಅಂಗಡಿ ಕಡೆ ಎಳೆದರೂ ಇವರು ನೇರ ಅಡುಗೆ ಚಪ್ಪರಕ್ಕೆ ಹೋಗಿ ಪಾತ್ರೆಗಳೊಳಗೆ ಇಣುಕುತ್ತ ನಿಂತರು. ಮಸ್ತಾನ್ ಬೀಗೆ ರೇಗಿತು. ಹಬ್ಬ ತೋರಿಸ್ತೀನಿ ಅಂತ ಕರ್ಕೊಂಡು ಬಂದು ಪಾತ್ರೆ ತೋರಿಸೋ ಗಂಡ ತನಗೊಬ್ಬಳಿಗೇ ಗಂಟುಬಿದ್ದಿದ್ದು ಎಂದು ಮುಖ ಊದಿಸಿಕೊಂಡಳು.

ಮಾರನೆಯ ದಿನ ಗುಬ್ಬಿಯಲ್ಲೂ ಸಾಬರ ಕಾಲು ಅಡುಗೆ ಚಪ್ಪರಕ್ಕೇ ತಿರುಗಿತು. ಅಲ್ಲಿನ ಅಡುಗೆಯ ಪುಟ್ಟರಂಗಯ್ಯ ಇವರನ್ನು ಕಂಡವನೇ, ತೊಳೆದಿಟ್ಟಿದ್ದ ದೊಡ್ಡ ಕೊಪ್ಪರಿಗೆಯನ್ನು ಮಸ್ತಾನ್ ಬೀ ಕಡೆಗೆ ವಾಲಿಸಿದ.

"ನೋಡಿ ತಾಯಿ, ನಿಮ್ ಯಜಮಾನ್ರು ಕಲಾಯಿ ಹಾಕ್ದೆ ಇದ್ರೆ ನಾನು ಒಲೆ ಹಚ್ಚಲ್ಲ" ಎಂದ.

ಬೆಳ್ಳಿಯಂತೆ ಹೊಳೆಯುತ್ತಿದ್ದ ತಳದಲ್ಲಿ ಅವಳ ಮುಖ ಕಂಡಿತು. ಅದನ್ನೇ ನೋಡಿಕೊಂಡು ಸೆರಗು ಸರಿಮಾಡಿಕೊಂಡಳು. ಸಾಬರು ಏನೂ ಕಾಣದವರಂತೆ ಗಡ್ಡ ನೀವಿಕೊಂಡರು.

ಊಟಕ್ಕೆ ಕೂತಾಗ ಪಕ್ಕದ ಹೆಂಗಸು ಹುಳಿ ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದಳು.

"ಇನ್ನೊಂದ್ ಸೌಟು ಹಾಕ್ಸ್ಕೊಳ್ಳಿ ಅಕ್ಕ" ಅಂದಳು ಮಸ್ತಾನ್ ಬೀ. "ನಮ್ಮನೆಯೋರ ಕಲಾಯಿ."