ಪಡುಬಾಗಿಲ ಗುಲಾಬಕ್ಕ

ನಾನು ಮೊದಲ ಸಲ ಪಾಠ ಮಾಡಲು ನಿಂತ ದಿನ ಎದುರಿನ ಸಾಲಿನಲ್ಲಿ ಕುಳಿತು ಗೊರಕೆ ಹೊಡೆದವರು ಗುಲಾಬಕ್ಕ. ಸಣ್ಣ ಗೊರಕೆಯಲ್ಲ, ಬಂದರಿಗೆ ಬರುವ ದೋಣಿಯ ಇಂಜಿನ್ನಿನಂಥದ್ದು. ಉಳಿದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

೨೦೦೩ರ ಸುಮಾರು. ಬ್ರಹ್ಮಾವರದವಳಾದ ನಾನು ಪದವಿ ಮುಗಿಸಿದ ಬೆನ್ನಿಗೇ ಗಂಗೊಳ್ಳಿಯ ಒಂದು ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದೆ. ಶೆಡ್ಡಿನ ಬಡಗು ಗೋಡೆಗೆ ತಾಗಿಕೊಂಡೇ ಐಸ್ ಪ್ಲಾಂಟ್ ಇತ್ತು. ಅಲ್ಲಿಂದ ಅಮೋನಿಯಾ ಸೋರಿದರೆ ಹೇಗೆ ಪಾರಾಗಬೇಕು ಎಂದು ಮೂವತ್ತು ಮಂದಿ ಹೆಂಗಸರಿಗೆ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ತಪಾಸಣೆಗೆ ಬರುವವರು ಅದನ್ನು ಕೇಳುತ್ತಾರಂತೆ. ಸಾಹುಕಾರರಿಗೆ ಬೇಕಾಗಿದ್ದದ್ದು ಪುಸ್ತಕದಲ್ಲಿ ಮೂವತ್ತು ಸಹಿ, ಅಷ್ಟೆ. ನಾನು ಮಾತ್ರ ರಾತ್ರಿಯೆಲ್ಲ ಕೂತು ಸ್ಕೆಚ್ ಪೆನ್ನಿನಲ್ಲಿ ಚಾರ್ಟು ಬರೆದಿದ್ದೆ.

ಅವತ್ತು ಸಂಜೆ ಪಾಠ ಮುಗಿಸಿ ಮುಖ ಊದಿಸಿಕೊಂಡು ಚಾರ್ಟು ಮಡಚುತ್ತಿದ್ದಾಗ ಗುಲಾಬಕ್ಕ ಹತ್ತಿರ ಬಂದರು. ಐವತ್ತರ ಹತ್ತಿರದ ಎತ್ತರದ ಹೆಂಗಸು. ನೀರಲ್ಲಿ ನೆನೆದು ನೆನೆದು ಬೆರಳ ತುದಿ ಬೆಳ್ಳಗಾಗಿತ್ತು.

"ಸಿಟ್ಟ್ ಮಾಡ್ಕಣ್ಬೇಡಿ ಟೀಚರ್ರೆ. ಬೆಳಿಗ್ಗೆ ಐದ್ ಗಂಟಿಗೆ ಬಂದ್ ನಿಂತದ್. ಕಾಲ್ ನೀಡಿದ್ದೇ ಈಗಳ್. ನಿದ್ರಿ ಬರ್ದೆ ಎಂತ ಮಾಡ್ತ್? ನಾಳೆ ನೀವೂ ನಮ್ಮೊಟ್ಟಿಗೆ ಒಂದ್ ದಿನ ಸಿಗ್ಡಿ ಸುಲ್ದ್ ಕಾಣಿ."

ಹಟಕ್ಕೆ ಬಿದ್ದು ಸುಲಿದೆ. ಮಂಜುಗಡ್ಡೆಯ ನೀರಿನಲ್ಲಿ ಮಧ್ಯಾಹ್ನದ ಹೊತ್ತಿಗೇ ಕೈ ಮರಗಟ್ಟಿತು. ಸಂಜೆ ಯಾರಾದರೂ ಬಂದು ನನಗೆ ಪಾಠ ಹೇಳಿದ್ದರೆ ಅವರ ಮೇಲೆ ಸಿಗಡಿ ಬುಟ್ಟಿಯನ್ನೇ ಎಸೆಯುತ್ತಿದ್ದೆನೋ ಏನೋ.

"ಗೊತ್ತಾಯ್ತಲೆ?" ಎಂದರು ಗುಲಾಬಕ್ಕ. "ಸಂಜಿಗ್ ಬೇಡ. ಬೆಳಿಗ್ಗೆ ಚಾ ಕುಡ್ದ್ ಕೂಡ್ಲೆ ಹತ್ತ್ ನಿಮಿಷ ಸಾಕ್. ಮತ್ತೆ ಹೇಳೂದ್ ಕಮ್ಮಿ ಮಾಡಿ, ಕೇಂಬುದ್ ಜಾಸ್ತಿ ಮಾಡಿ. ನಾವೆಂತ ಶಾಲಿ ಮಕ್ಕಳಾ?"

ಮರುದಿನದಿಂದ ಪಾಠ ಚಹಾದ ಹೊತ್ತಿಗೆ ಬಂತು. ನನ್ನ ಪುಸ್ತಕದಲ್ಲಿ 'ಗಾಳಿಯ ವಿರುದ್ಧ ದಿಕ್ಕಿಗೆ ಚಲಿಸಬೇಕು' ಎಂದಿತ್ತು. ಹಾಗೆಂದರೆ ಏನು ಎಂದು ಕೇಳಿದೆ. ಆಗ ಗುಲಾಬಕ್ಕ ಎದ್ದು ನಿಂತು, "ಹ್ವಾಯ್, ಈಗಳ್ ಗಾಳಿ ಎಲ್ಲಿಂದ?" ಎಂದು ಕೂಗಿದರು.

"ಮೂಡುದಿಂದ!" ಮೂವತ್ತು ಬಾಯಿಯೂ ಒಟ್ಟಿಗೇ ಹೇಳಿತು.

"ಮಧ್ಯಾಹ್ನ ಮೇಲೆ?"

"ಪಡುದಿಂದ!"

ಮೀನುಗಾರರ ಮನೆಯ ಹೆಂಗಸರು. ಗಂಡ, ಮಗ ಕಡಲಿಗೆ ಹೋದ ದಿನವೆಲ್ಲ ಗಾಳಿಯನ್ನೇ ನೋಡುತ್ತ ಕೂರುವವರು. ಅವರಿಗೆ ನಾನು ಗಾಳಿಯ ಪಾಠ ಹೇಳಹೊರಟಿದ್ದೆ. ಗಾಳಿ ಬರುವ ಕಡೆಗೇ ಹೋಗಬೇಕು, ಗ್ಯಾಸು ಹಿಂದೆ ಉಳಿಯುತ್ತದೆ ಎಂದದ್ದೇ ಅವರೊಳಗೇ ಜೋರು ಚರ್ಚೆ ಹುಟ್ಟಿತು. ಬೆಳಿಗ್ಗೆಯಾದರೆ ರಸ್ತೆ ಕಡೆಯ ಮೂಡುಬಾಗಿಲು, ಮಧ್ಯಾಹ್ನದ ಮೇಲಾದರೆ ಕಡಲ ಕಡೆಯ ಪಡುಬಾಗಿಲು. ನನ್ನ ಚಾರ್ಟಿನಲ್ಲಿ ಬಾಣದ ಗುರುತು ಇದ್ದದ್ದು ಮೂಡುಬಾಗಿಲಿಗೆ ಮಾತ್ರ.

"ಆದ್ರೆ ಪಡುಬಾಗ್ಲಿಗ್ ಬೀಗ ಇತ್ತಲೆ ಟೀಚರ್ರೆ?" ಎಂದರು ಗುಲಾಬಕ್ಕ.

ಸಿಗಡಿ ಕಳುವಾಗುತ್ತದೆಂದು ಸಾಹುಕಾರರು ಹಾಕಿಸಿದ್ದ ಬೀಗ. ಅವರಿಗೆ ಹೇಳುತ್ತೇನೆ ಎಂದೆ, ಹೇಳಲಿಲ್ಲ. ಸೇರಿ ಎರಡು ತಿಂಗಳೂ ಆಗಿರಲಿಲ್ಲ, ಕೆಲಸ ಹೋದರೆ ಎಂಬ ಹೆದರಿಕೆ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗುಲಾಬಕ್ಕ ನನ್ನ ಕೈ ಹಿಡಿದುಕೊಂಡು ನೇರ ಸಾಹುಕಾರರ ಕೋಣೆಗೇ ನಡೆದರು. ನಾನು ಬೀಗದ ವಿಷಯ ಹೇಳಿದೆ.

"ಆ ಬಾಗ್ಲ್ ತೆಗ್ದಿಟ್ರೆ ಸಿಗ್ಡಿ ಎಲ್ಲ ಸಂಚಿಯೊಳಗ್ ಹೋತ್" ಎಂದರು ಸಾಹುಕಾರರು.

"ಹಾಂಗಾರೆ ನಾನೇ ಆ ಬಾಗ್ಲ್ ಹತ್ರ ನಿಂತ್ಕಂತೆ" ಎಂದರು ಗುಲಾಬಕ್ಕ. "ನಿಮ್ಮ್ ಸಿಗ್ಡಿ ನಾ ಕಾಯ್ತೆ. ನಮ್ಮ್ ಜೀವ ಆ ಬಾಗ್ಲ್ ಕಾಯ್ಲಿ."

ಸಾಹುಕಾರರು ಬೀಗ ತೆಗೆಸಿದರು. ಅಲ್ಲಿ ಮಧ್ಯಾಹ್ನದ ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು, ಬೇರೆ ಯಾರಿಗೂ ಆ ಜಾಗ ಬೇಡವಾಗಿತ್ತು. ಗುಲಾಬಕ್ಕನ ಸುಲಿಯುವ ಮೇಜು ಅಲ್ಲಿಗೆ ಹೋಯಿತು. ಅಭ್ಯಾಸಕ್ಕೆ ಅವರೇ ಒಂದು ಆಟ ಕಟ್ಟಿದರು. ಎಲ್ಲರೂ ಕಣ್ಣಿಗೆ ಕೈ ಒರಸುವ ಬೈರಾಸು ಕಟ್ಟಿಕೊಂಡು, ಮುಂದಿನವಳ ಸೆರಗು ಹಿಡಿದು, ನಡುವೆ ಇಟ್ಟ ಬುಟ್ಟಿಗಳನ್ನು ದಾಟಿ ಬಾಗಿಲು ಸೇರಬೇಕು. ಬುಟ್ಟಿ ಎಡವಿದವಳು ಮರುದಿನ ಎಲ್ಲರಿಗೂ ಅವಲಕ್ಕಿ ತರಬೇಕು. ಆ ವರ್ಷ ನಾವು ತಿಂದಷ್ಟು ಅವಲಕ್ಕಿ ಮತ್ತೆಂದೂ ತಿಂದಿಲ್ಲ.

ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗೆ ಇಳಿದ ಮೇಲೆ, ಒಂದು ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಐಸ್ ಪ್ಲಾಂಟಿನ ಪೈಪು ಒಡೆಯಿತು. ಮೂಗಿಗೆ ಚೂರಿ ಹಾಕಿದಂತಾಯಿತು, ಕಣ್ಣು ತಾನಾಗಿಯೇ ಮುಚ್ಚಿತು. "ಪಡುಬಾಗ್ಲ್! ಬೈರಾಸ್ ಒದ್ದಿ ಮಾಡಿ ಮೂಗಿಗ್ ಕಟ್ಟಿ! ಸೆರ್ಗ್ ಹಿಡ್ಕಣಿ!" ಎಂದು ಗುಲಾಬಕ್ಕ ಕೂಗಿದ್ದು ಕೇಳಿತು. ತರಬೇತಿ ಕೊಟ್ಟ ನಾನು ದಿನವೂ ಬರುವ ಮೂಡುಬಾಗಿಲಿನ ಕಡೆಗೇ ಓಡಿದೆ. ಯಾರೋ ನನ್ನ ಜಡೆ ಹಿಡಿದು ಎಳೆದರು. "ಟೀಚರ್ರೆ, ಅತ್ಲಾಗಲ್ಲ!"

ಹೊರಗೆ ಕಡಲ ಗಾಳಿಯಲ್ಲಿ ನಿಂತು ತಲೆ ಎಣಿಸಿದೆವು. ಎಲ್ಲರೂ ಇದ್ದರು. ಕೊನೆಯವಳು ದಾಟುವವರೆಗೂ ಬಾಗಿಲು ಹಿಡಿದು ನಿಂತಿದ್ದ ಗುಲಾಬಕ್ಕ ನೆಲದ ಮೇಲೆ ಕೂತು ಕೆಮ್ಮುತ್ತಿದ್ದರು.

ಆ ಕೆಮ್ಮು ಮತ್ತೆ ಅವರನ್ನು ಬಿಡಲಿಲ್ಲ. ತಣ್ಣೀರಿನ ಕೆಲಸ ಬಿಡಬೇಕಾಯಿತು. ಅತ್ತ ನನಗೆ ತಪಾಸಣೆಯವರಿಂದ ಹೊಗಳಿಕೆಯ ಕಾಗದ ಬಂತು, ಬೇರೆ ಶೆಡ್ಡುಗಳಿಂದ ತರಬೇತಿಗೆ ಕರೆಯೂ ಬಂತು. ಅವರನ್ನು ಕರೆದುಕೊಂಡೇ ಹೋಗುತ್ತಿದ್ದೆ. "ಇವ್ರೇ ನಂಗೆ ಕಲ್ಸಿದವ್ರ್" ಎಂದು ನಾನು ಹೇಳಿದರೆ ಜನ ತಮಾಷೆ ಎಂದುಕೊಂಡು ನಗುತ್ತಿದ್ದರು. ಕಾಗದದಲ್ಲಿ ಇದ್ದದ್ದು ನನ್ನ ಹೆಸರೊಂದೇ. ಅದನ್ನು ತಿದ್ದಿಸಲು ನಾನು ಓಡಾಡಲಿಲ್ಲ. ಆ ಸಂಕೋಚ ಇಂದಿಗೂ ಇದೆ.

ಗುಲಾಬಕ್ಕ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಅದಕ್ಕೆ ಎರಡು ತಿಂಗಳ ಮೊದಲು ಬೈಂದೂರಿನ ಮಗಳ ಮನೆಗೆ ಹೋಗಿ ಅವರನ್ನು ನೋಡಿದ್ದೆ. ಜಗಲಿಯಲ್ಲಿ ದಿಂಬಿಗೆ ಒರಗಿದ್ದರು. ಕೈಯಲ್ಲಿ ಉಸಿರಿನ ಜೊತೆ ಎಳೆದುಕೊಳ್ಳುವ ಔಷಧದ ಪಂಪು.

"ಇದ್ ಎಳ್ದ್ರೂ ಎಂತದೂ ಆತಿಲ್ಲೆ ಟೀಚರ್ರೆ. ಡಾಕ್ಟ್ರ್ ಗಡಬಡಿಯಲ್ ಹೇಳಿ ಕಳ್ಸಿದ್ರ್."

"ನೀವ್ ಹ್ಯಾಂಗ್ ಎಳೀತ್ರಿ ಅಕ್ಕ? ಒಂದ್ಸಲ ತೋರ್ಸಿ, ಕಾಂಬ."

ತೋರಿಸಿದರು. ಒತ್ತುವುದು ಮೊದಲು, ಉಸಿರೆಳೆಯುವುದು ಆಮೇಲೆ. ಔಷಧವೆಲ್ಲ ಬಾಯಲ್ಲೇ ನಿಲ್ಲುತ್ತಿತ್ತು. "ಈಗ ಔಷ್ಧ ಎಲ್ಲಿ ಹೋಯ್ತ್ ಅಂದೇಳಿ ಕಂಡ್ತ್?" ಎಂದು ಕೇಳಿದೆ. ನಾಲಗೆ ಆಡಿಸಿ, ಯೋಚಿಸಿ, "ಇಲ್ಲೇ ಇತ್ತ್, ಕಹಿ" ಎಂದರು. ಮತ್ತೆ ತಾವೇ, "ಉಸ್ರ್ ಎಳೂ ಹೊತ್ತಿಗೇ ಒತ್ತಕ್, ಅಲ್ದಾ?" ಎಂದರು. ನಾಲ್ಕೈದು ಸಲ ಒತ್ತಿದಂತೆ ನಟಿಸಿ ಅಭ್ಯಾಸ ಮಾಡಿದೆವು. ಆಮೇಲೆ ನಿಜವಾಗಿ ಎಳೆದರು. ಸ್ವಲ್ಪ ಹೊತ್ತಿನಲ್ಲಿ ಎದೆಯ ಗೊರಗೊರ ಕಡಿಮೆಯಾಯಿತು. ನನ್ನ ಮುಖ ನೋಡಿ ನಕ್ಕರು.

"ಈಗಳ್ ನಿಮ್ಗ್ ಕಲ್ಸುಕ್ ಬಂತ್ ಟೀಚರ್ರೆ."

ಹಾಗೆಂದವರೇ ಒಳಗಿದ್ದ ಮಗಳನ್ನು ಕೂಗಿ ಕರೆದು ಪಂಪನ್ನು ಅವಳ ಕೈಗೆ ಕೊಟ್ಟರು. "ನಂಗ್ ಕೈಲಾಗದ್ ದಿನ ನೀನೇ ಕೊಡ್ಕಲೆ. ಹ್ಯಾಂಗ್ ಕೊಡ್ತೆ, ತೋರ್ಸ್ ಕಾಂಬ" ಎಂದು ಅವಳನ್ನು ಎದುರಿಗೆ ಕೂರಿಸಿಕೊಂಡರು. ಕುಂದಾಪುರದ ಬಸ್ಸಿಗೆ ಹೊತ್ತಾಯಿತೆಂದು ನಾನು ಅಂಗಳ ದಾಟುವಾಗಲೂ ಆ ಪಾಠ ನಡೆಯುತ್ತಲೇ ಇತ್ತು.