ಚಿಕ್ಕಪ್ಪ ಆರಿಸಿದ ಕಂಪ್ಯೂಟರ್ ಸೆಂಟರ್

ಆ ವರ್ಷ ನಮ್ಮ ಕಡೆಯ ಬಸ್ಸುಗಳ ಬೆನ್ನಿಗೆಲ್ಲ ಕಂಪ್ಯೂಟರ್ ಅಂಟಿಕೊಂಡಿತ್ತು. ಕೆ. ಹೊಸಕೋಟೆಯಿಂದ ಆಲೂರಿಗೆ ಹೋಗುವ ಬಸ್ಸಿನ ಹಿಂದೆ ಒಂದು ಸೆಂಟರಿನ ಪೋಸ್ಟರು, ಸಕಲೇಶಪುರದ ಬಸ್ಸಿನ ಹಿಂದೆ ಇನ್ನೊಂದು ಸೆಂಟರಿನದು. ಎರಡರಲ್ಲೂ ಕನ್ನಡಕ ಹಾಕಿಕೊಂಡ ಅದೇ ಹುಡುಗಿ ಅದೇ ನಗು ನಗುತ್ತಿದ್ದಳು. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ, ಇವಳು ನಿಜವಾಗಿ ಕಲಿತದ್ದು ಎಲ್ಲಿ ಎಂಬುದೇ ಒಂದು ಚಿಂತೆಯಾಗಿತ್ತು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಸ್ಸಿನ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಮೊರ ಕೆಳಗಿಟ್ಟು ರಸ್ತೆಯ ತನಕ ಹೋಗಿ, ಪೋಸ್ಟರು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ಬರುತ್ತಿದ್ದೆ. ಅವ್ವ ನೋಡಿ ನೋಡಿ, "ಕಾಲಿಗೆ ಚಕ್ರ ಕಟ್ಕಂಡವ್ಳೆ ಇವ್ಳು" ಅನ್ನುತ್ತಿದ್ದಳು.

ಚಿಂತೆಗೆ ಕಾರಣವಿತ್ತು. ನಮ್ಮ ಚಿಕ್ಕಪ್ಪ ಹೆತ್ತೂರಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳನ್ನು ಗೊತ್ತು ಮಾಡುವುದು, ಹಾಜರಿ ಹಾಕುವುದು, ವಾರದ ಬಟವಾಡೆ ನೋಡಿಕೊಳ್ಳುವುದು ಅವರ ಕೆಲಸ. ಮಳೆ ಹಿಡಿದ ಹೊಸತರಲ್ಲಿ ಒಂದು ಭಾನುವಾರ ಮನೆಗೆ ಬಂದವರು ಕೊಡೆಯನ್ನು ಜಗಲಿಗೆ ಒರಗಿಸುತ್ತಲೇ ಸುದ್ದಿ ಹೇಳಿದರು.

"ಸಾಹೇಬ್ರು ಹೇಳವ್ರೆ ಕಣವ್ವ. ಹಣ್ಣು ಕುಯ್ಯೋ ಹೊತ್ತಿಗೆ ಆಫೀಸಿಗೆ ಕಂಪ್ಯೂಟರ್ ತರ್ತಾರಂತೆ. ನಿಮ್ಮನೆ ಹುಡುಗಿಗೆ ಬರೋದಾದ್ರೆ ಅವಳೇ ಕೂರ್ಲಿ, ಇಲ್ದಿದ್ರೆ ಹಾಸನದಿಂದ ಯಾರ್ನಾದ್ರೂ ಕರೆಸ್ತೀನಿ ಅಂದ್ರು."

"ನಂಗೆ ಬರಲ್ವಲ್ಲ ಚಿಕ್ಕಪ್ಪ."

"ಬರಲ್ಲ ಅಂತ ನಾನೆಲ್ಲಿ ಹೇಳ್ದೆ? ಕಲೀತಾವ್ಳೆ ಅಂದೆ."

ಅಪ್ಪ ಒಳಗಿನಿಂದಲೇ ತಮ್ಮ ಶರತ್ತು ಹಾಕಿದರು. ಸೇರುವುದು ಒಂದೇ ಕಡೆ, ಒಂದೇ ಸಲ. ಸೇರಿದ ಮೇಲೆ ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು ಬಂದು ಅಳಬಾರದು. ಎಲ್ಲಿ ಸೇರಬೇಕೆಂಬುದನ್ನು ಚಿಕ್ಕಪ್ಪನೇ ನೋಡಿ ತೀರ್ಮಾನಿಸಲಿ. ಜನರನ್ನು ಅಳೆಯುವುದರಲ್ಲಿ ಅವನು ಪಳಗಿದವನು.

ಅದು ಸುಳ್ಳಲ್ಲ. ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಬಯಲುಸೀಮೆಯಿಂದ ಮೇಸ್ತ್ರಿಗಳು ಬರುತ್ತಾರೆ. ನಾನು ಇಷ್ಟು ಜನ ತರುತ್ತೇನೆ, ಅಷ್ಟು ಜನ ತರುತ್ತೇನೆ ಎನ್ನುತ್ತಾರೆ. ಚಿಕ್ಕಪ್ಪ ಅವರ ಮಾತನ್ನೆಲ್ಲ ಕೇಳಿಸಿಕೊಂಡು, ಎಲೆ ಅಡಿಕೆ ಮುಗಿಸಿ, ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು: ಹೋದ ವರ್ಷದ ಜನ ಈ ವರ್ಷವೂ ನಿನ್ನ ಜೊತೆ ಇದ್ದಾರೋ? ಇದ್ದರೆ ಮೇಸ್ತ್ರಿ ಒಳ್ಳೆಯವನು, ಕೂಲಿ ನುಂಗಿಲ್ಲ. ಇಲ್ಲದಿದ್ದರೆ ಬೇರೆ ವಿಚಾರಣೆಯೇ ಬೇಡ. ಎಸ್ಟೇಟಿಗೂ ಅದೇ ಅಳತೆ. ಆಳುಗಳು ಇರುವ ಲೈನ್ ಮನೆಗಳಿಗೆ ಹಳೆಯ ಮುಖಗಳೇ ಗಂಟುಮೂಟೆ ಹೊತ್ತು ಮರಳಿ ಬಂದರೆ, ಆ ಎಸ್ಟೇಟಿನಲ್ಲಿ ಅನ್ನವಿದೆ ಎಂದು ಅರ್ಥ. ಈ ಪ್ರಶ್ನೆಯಿಂದ ಅವರು ಒಮ್ಮೆಯೂ ಮೋಸಹೋಗಿದ್ದನ್ನು ನಾನು ಕೇಳಿರಲಿಲ್ಲ.

ಮೊದಲು ಆಲೂರಿಗೆ ಹೋದೆವು. ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ. ಮೆಟ್ಟಿಲಿಗೆಲ್ಲ ರಾಗಿ ಹಿಟ್ಟಿನ ಧೂಳು. ಒಳಗೆ ಒಬ್ಬ ಮೇಡಂ ನೆಲದ ಮೇಲೆ ಕೂತು, ಹೊಟ್ಟೆ ಬಿಚ್ಚಿದ ಕಂಪ್ಯೂಟರಿನೊಳಗೆ ಸ್ಕ್ರೂ ಡ್ರೈವರ್ ಇಟ್ಟುಕೊಂಡಿದ್ದರು. ಸುತ್ತ ಮೂರ್ನಾಲ್ಕು ಹುಡುಗರು, ಹುಡುಗಿಯರು ಬಗ್ಗಿ ನೋಡುತ್ತಿದ್ದರು. ಮೇಡಂ ಏಳಲಿಲ್ಲ, ಕೂರಿ ಎನ್ನಲೂ ಇಲ್ಲ. ಕೂರಲು ಖಾಲಿ ಕುರ್ಚಿಯೂ ಇರಲಿಲ್ಲ ಅನ್ನಿ.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ತಮ್ಮ ಪ್ರಶ್ನೆ ಕೇಳಿದರು. "ಹೋದ ವರ್ಷ ಸೇರಿದ್ ಮಕ್ಳು ಈಗ ಎಷ್ಟ್ ಜನ ಅವ್ರೆ, ಮೇಡಂನೋರೆ?"

"ಒಬ್ರೂ ಇಲ್ಲ."

"ಒಬ್ರೂ?"

"ಇಲ್ಲ. ಹೋದ್ರು." ಮೇಡಂ ಇನ್ನೊಂದು ಸ್ಕ್ರೂ ಬಿಚ್ಚತೊಡಗಿದರು.

ಮೆಟ್ಟಿಲಿಳಿಯುವಾಗ ಚಿಕ್ಕಪ್ಪ ಪಿಸುಗುಟ್ಟಿದರು. "ನೋಡ್ದಾ? ಒಂದ್ ನರಪಿಳ್ಳೆನೂ ಉಳ್ಕಂಡಿಲ್ಲ. ಎಲ್ಲಾ ಬುಟ್ಟು ಓಡೋಗವ್ರೆ. ಆ ಯಮ್ಮ ನೆಟ್ಟಗೆ ಮಾತೂ ಆಡಲ್ಲ."

ಸಕಲೇಶಪುರದ ಸೆಂಟರ್ ಬೇರೆಯೇ ಲೋಕ. ಗಾಜಿನ ಬಾಗಿಲು. ಚಪ್ಪಲಿ ಹೊರಗೆ ಬಿಡಬೇಕು. ಟೈ ಕಟ್ಟಿದ ಒಬ್ಬರು ಎದ್ದು ನಿಂತು ಕೈ ಮುಗಿದರು, ಕಾಫಿ ತರಿಸಿದರು. ಕಾಫಿ ಬೆಳೆಯುವವರಿಗೆ ಕಾಫಿ ತರಿಸಿದರಲ್ಲ ಎಂದು ಚಿಕ್ಕಪ್ಪ ಆಗಲೇ ಅರ್ಧ ಕರಗಿದ್ದರು. ಲೋಟ ಕೆಳಗಿಟ್ಟು ಪ್ರಶ್ನೆ ತೆಗೆದರು.

"ಇದಾರೆ ಸಾರ್," ಎಂದರು ಟೈ ಕಟ್ಟಿದವರು. "ಹೋದ ವರ್ಷದೋರೂ ಇದಾರೆ. ಅದರ ಹಿಂದಿನ ವರ್ಷದೋರೂ ಇದಾರೆ."

"ಬುಟ್ಟು ಹೋಗಲ್ವಾ?"

"ಎಲ್ಲಿಗ್ ಹೋಗ್ತಾರೆ ಸಾರ್?"

ಚಿಕ್ಕಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಅವತ್ತೇ ಅಲ್ಲೇ ಸೇರಿಸಿಬಿಟ್ಟರು. ವಾಪಸ್ಸು ಬಸ್ಸಿನಲ್ಲಿ ಅಷ್ಟು ನಿಶ್ಚಿಂತೆಯಿಂದ ನಿದ್ದೆ ಹೊಡೆದರೆಂದರೆ ಆಲೂರು ಬಂದರೂ ಎಚ್ಚರವಾಗಲಿಲ್ಲ.

ನಾನು ದಿನವೂ ಎರಡು ಬಸ್ಸು ಹತ್ತಿ ಇಳಿದು ಹೋಗಿ ಬಂದೆ. ಪಾಠ ನಡೆಯುತ್ತಿದ್ದುದು ಒಂದು ಕೋಣೆಯಲ್ಲಿ, ಕಂಪ್ಯೂಟರುಗಳು ಇದ್ದುದು ಇನ್ನೊಂದು ಕೋಣೆಯಲ್ಲಿ. ಪಾಠವೆಂದರೆ ಕಂಪ್ಯೂಟರ್ ಎಂದರೇನು, ಅದರ ಉಪಯೋಗಗಳೇನು ಎಂದು ಬರೆಸುವುದು. ಏಸಿ ಹಾಕಿದ ಕಂಪ್ಯೂಟರ್ ಕೋಣೆಗೆ ವಾರಕ್ಕೊಮ್ಮೆ ಬಿಡುತ್ತಿದ್ದರು. ಅಲ್ಲಿ ಮಷೀನನ್ನು ಅವರೇ ಚಾಲೂ ಮಾಡಿರುತ್ತಿದ್ದರು. ಒಂದು ಮಷೀನಿನ ಮುಂದೆ ನಾವೆಲ್ಲ ಗುಂಪುಗೂಡಿ, ಕೀಬೋರ್ಡಿನ ಹತ್ತಿರ ಇದ್ದವರು ಹೆಸರು ಹೊಡೆದು ಅಳಿಸುವುದನ್ನು ಉಳಿದವರು ನೋಡುವುದು. ಮನೆಗೆ ಬರುವ ದಾರಿಯಲ್ಲಿ ಕಿಟಕಿಯಿಂದ ಕಾಣುವ ತೋಟಗಳಲ್ಲಿ ಕಾಫಿ ಕಾಯಿ ದಪ್ಪಗಾಗುತ್ತಿತ್ತು. ಬೇರೆಯವರಿಗೆ ಅದು ಫಸಲು. ನನಗೆ ಅದು ಹತ್ತಿರ ಬರುತ್ತಿರುವ ಗಡುವು.

ನನ್ನ ಪಕ್ಕ ಕೂರುತ್ತಿದ್ದವಳು ಹಾನುಬಾಳು ಕಡೆಯ ಒಬ್ಬ ಅಕ್ಕ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಹೋದ ವರ್ಷವೂ ಇದ್ದವಳು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕೇಳಿದೆ, "ಅಕ್ಕ, ನಿಮ್ದು ಯಾವ ಕೋರ್ಸು?"

"ಯಾವ್ದು ನಡೀತಾ ಐತೋ ಅದು," ಅಂದಳು. ನಾನು ಪಿಳಿಪಿಳಿ ನೋಡಿದ್ದಕ್ಕೆ ನಕ್ಕಳು. "ಹೋದ್ ವರ್ಷನೂ ಇದ್ನೇ ಬರ್ಸಿದ್ರು. ಕಲ್ಸೋನು ಅರ್ಧಕ್ಕೆ ಬುಟ್ಟು ಹೋಗ್ಬುಟ್ಟ. ಹೊಸಬ ಬಂದು ಮೊದ್ಲಿಂದ ಶುರು ಮಾಡ್ದ. ಅವ್ನೂ ಹೋದ. ಈಗ ಇವ್ನು ಬಂದವ್ನೆ, ಕಂಪ್ಯೂಟರ್ ಅಂದ್ರೆ ಏನು ಅಂತಾವ್ನೆ."

"ಮತ್ತೆ ನೀವ್ಯಾಕೆ ಬಿಡ್ಲಿಲ್ಲ?"

"ಬಿಟ್ರೆ ಮನೇಲಿ ಕೂರ್ಬೇಕಲ್ಲ ಮಾರಾಯ್ತಿ. ಕೋರ್ಸು ಮುಗ್ದಿಲ್ಲ ಅಂತ ಹೇಳ್ಕಂಡು ದಿನಾ ಒಂದ್ ಸಲ ಪೇಟೆ ಮುಖ ನೋಡ್ತೀನಿ." ಉಪ್ಪಿನಕಾಯಿ ನನ್ನ ಕಡೆ ಸರಿಸಿದಳು. "ನಿಂಗೆ ಯಾರು ಹೇಳಿದ್ದು ಇದು ಒಳ್ಳೆ ಸೆಂಟರ್ ಅಂತ?"

ನನ್ನ ಬಾಯಲ್ಲಿ ತುತ್ತು ಹಾಗೇ ನಿಂತಿತು. ಎಸ್ಟೇಟಿಗೆ ಜನ ಮರಳಿ ಬರುವುದು ಅಲ್ಲಿ ಕೈಗೆ ಏನೋ ಸಿಕ್ಕಿದ್ದಕ್ಕೆ. ಇಲ್ಲಿಗೆ ಮರಳಿ ಬರುತ್ತಿದ್ದುದು ಏನೂ ಸಿಗದಿದ್ದಕ್ಕೆ. ಚಿಕ್ಕಪ್ಪನ ಅಳತೆಗೋಲು ಸರಿಯಾಗಿಯೇ ಇತ್ತು, ಅದನ್ನು ತಲೆಕೆಳಗು ಹಿಡಿದಿದ್ದರು. ಆ ಮಧ್ಯಾಹ್ನದ ಪಾಠದಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದೆ.

ಹೇಳುವುದು ಹೇಗೆ? ಅಪ್ಪನ ಶರತ್ತು ಒಂದು ಕಡೆ. ಚಿಕ್ಕಪ್ಪನ ಮರ್ಯಾದೆ ಇನ್ನೊಂದು ಕಡೆ. ತಾವು ಆರಿಸಿದ ಸೆಂಟರಿನ ಬಗ್ಗೆ ಅವರು ಎಸ್ಟೇಟಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಮುಂದಿನ ಭಾನುವಾರ ಅವರು ಬಚ್ಚಲ ಹತ್ತಿರ ಕಾಲು ತೊಳೆದು, ಹಣೆಗೆ ವಿಭೂತಿ ಇಡುವವರೆಗೆ ಅತ್ತಿಂದಿತ್ತ ಓಡಾಡಿದೆ. ಅವರೇ ಕೇಳಿದರು.

"ಏನವ್ವ, ಎಲ್ಲಿಗ್ ಬಂತು ವಿದ್ಯೆ?"

ಕಂಪ್ಯೂಟರ್ ಎಂದರೇನು ಎಂಬುದನ್ನು ಒಪ್ಪಿಸಿದೆ.

"ಅದ್ಸರಿ. ಚಾಲೂ ಮಾಡೋದು?"

"ಅದನ್ನ ಅವ್ರೇ ಮಾಡಿರ್ತಾರೆ."

"ಹಾಜರಿ ಪಟ್ಟಿ ಮಾಡೋದು?"

"ಅದು ಬರಲ್ಲ ಚಿಕ್ಕಪ್ಪ. ಅಲ್ಲಿ ಮೂರನೇ ವರ್ಷ ಬರ್ತಿರೋರ್ಗೂ ಬರಲ್ಲ. ಕಲಿತು ಮುಗೀದೆ ಇರೋದ್ಕೇ ಅವ್ರು ಬಿಟ್ಟು ಹೋಗಿಲ್ಲ."

ವಿಭೂತಿಯ ಬೆರಳು ಹಣೆಯ ಮೇಲೆಯೇ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಅವರು ಜಗಲಿಯ ಮೇಲೆ ಕೂತು ತಮ್ಮ ಅಂಗೈ ನೋಡಿಕೊಂಡರು.

"ಆಳು ಹುಡುಕೋ ಥರ ಹುಡುಕ್ಬುಟ್ನಲ್ಲವ್ವ," ಅಂದರು. "ಆಲೂರಿನ ಯಮ್ಮ ಎಲ್ಲಾ ಹೋದ್ರು ಅಂದಾಗ, ಎಲ್ಲಿಗೆ ಅಂತ ಕೇಳ್ಲೇ ಇಲ್ಲ ನಾನು."

ಮಾರನೆಯ ದಿನ ರಜೆ ಹಾಕಿ ನನ್ನನ್ನು ಕರೆದುಕೊಂಡು ಆಲೂರಿಗೆ ಹೋದರು. ಮೇಡಂ ಈ ಸಲ ಕುರ್ಚಿಯ ಮೇಲಿದ್ದರು.

"ಮೇಡಂನೋರೆ, ಹೋದ ವರ್ಷದೋರು ಎಲ್ಲಿಗೆ ಹೋದ್ರು?"

"ಇದನ್ನ ಅವತ್ತೇ ಕೇಳ್ತೀರ ಅಂದ್ಕೊಂಡಿದ್ದೆ," ಅಂದರು ಮೇಡಂ. "ಒಬ್ಳು ಕಾಫಿ ಬೀಜ ಹದ ಮಾಡೋ ಕ್ಯೂರಿಂಗ್ ಆಫೀಸಲ್ಲಿದ್ದಾಳೆ. ಒಬ್ಬ ಹಾಸನದಲ್ಲಿ ಆಸ್ಪತ್ರೆ ಬಿಲ್ಲು ಮಾಡ್ತಾನೆ. ಒಬ್ಬ ಬಸ್ ಸ್ಟ್ಯಾಂಡ್ ಹತ್ರ ಲಗ್ನಪತ್ರಿಕೆ ಮಾಡೋ ಅಂಗಡಿ ಹಾಕ್ದ. ಇಬ್ರು ಏನೂ ಮಾಡ್ತಿಲ್ಲ, ಮನೇಲೇ ಇದ್ದಾರೆ."

ಏನೂ ಮಾಡದವರನ್ನೂ ಸೇರಿಸಿ ಹೇಳಿದ್ದು ಚಿಕ್ಕಪ್ಪನಿಗೆ ಹಿಡಿಸಿತು. ಆದರೂ ಒಂದು ಸಲ ಸುಟ್ಟುಕೊಂಡವರಲ್ಲವೆ, ಮಾತಿಗೆ ತಲೆಯಾಡಿಸಿ ಎದ್ದುಬಿಟ್ಟರು. ಆ ವಾರ ಎಸ್ಟೇಟಿನ ಕೆಲಸವಿದೆಯೆಂದು ನೆಪ ಮಾಡಿಕೊಂಡು ಕ್ಯೂರಿಂಗ್ ಆಫೀಸಿಗೆ ಹೋಗಿ ಕಣ್ಣಾರೆ ನೋಡಿ ಬಂದರು. "ಅವ್ಳೆ ಕಣವ್ವ. ಕಿಟಕಿ ಹತ್ರ ನಿಂತು ಕೆಮ್ಮಿದ್ರೂ ಕತ್ತೆತ್ತಿ ನೋಡ್ಲಿಲ್ಲ. ಅಷ್ಟು ಕೆಲ್ಸ."

ಅಪ್ಪನ ಮುಂದೆ ಚಿಕ್ಕಪ್ಪನೇ ನಿಂತರು. ತಪ್ಪು ನಂದು, ಹುಡುಗಿಯದಲ್ಲ ಎಂದರು. ಅಪ್ಪ ಗುದ್ದಲಿ ಕಾವು ಸರಿಮಾಡುತ್ತಿದ್ದವರು ತಲೆ ಎತ್ತಲಿಲ್ಲ. "ಬಂದು ಅಳಬ್ಯಾಡ ಅಂದಿದ್ದು ಅವ್ಳಿಗೆ. ನಿಂಗೇನ್ ಹೇಳಿರ್ಲಿಲ್ವಲ್ಲ," ಅಂದರು. ಅದೇ ಒಪ್ಪಿಗೆ.

ಆಲೂರಿನಲ್ಲಿ ಮೊದಲ ದಿನ ಮೇಡಂ ನನಗೆ ಹೇಳಿದ ಪಾಠ, ಮಷೀನಿನ ವೈರುಗಳನ್ನೆಲ್ಲ ಕಿತ್ತು ಪಕ್ಕಕ್ಕಿಡು, ಆಮೇಲೆ ಎಲ್ಲಿಯದನ್ನು ಅಲ್ಲಿಗೆ ಹಾಕು. ವೈರಿನ ಹತ್ತಿರ ಕೈ ಒಯ್ದು ಹಿಂದಕ್ಕೆಳೆದುಕೊಂಡೆ. "ಮುಟ್ಟು, ಕಚ್ಚಲ್ಲ," ಅಂದರು. ಕೆಳಗೆ ಗಿರಣಿ ಶುರುವಾದರೆ ನೆಲವೇ ಅದುರುತ್ತಿತ್ತು; ಕರೆಂಟು ಹೋದರೆ ಗಿರಣಿಗೆ ಬಂದವರ ಜೊತೆ ನಾವೂ ಕಾಯುತ್ತಿದ್ದೆವು. ಸಕಲೇಶಪುರದಲ್ಲಿ ವ್ಯರ್ಥವಾಗಿ ಕಳೆದುಹೋದ ಮಳೆಗಾಲ ನನ್ನ ಬೆನ್ನು ಬಿಡಲಿಲ್ಲ. ಬೇರೆಯವರು ಎದ್ದುಹೋದ ಮೇಲೂ ಕೂತು ಹಾಜರಿ ಪಟ್ಟಿಯನ್ನು ಮಾಡಿ, ಅಳಿಸಿ, ಮತ್ತೆ ಮಾಡುತ್ತಿದ್ದೆ. ಬಸ್ಸು ತಪ್ಪಿಸಿಕೊಂಡು ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದೆ. ತೋಟದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಕೆಂಪಾಗಿತ್ತು. ಮೇಡಂಗೆ ಹೇಳಿದರೆ, "ಹಣ್ಣು ನೋಡ್ಬೇಡ, ಕೀಬೋರ್ಡ್ ನೋಡು" ಎನ್ನುತ್ತಿದ್ದರು.

ಕೊಯ್ಲು ಶುರುವಾದ ವಾರವೇ ಎಸ್ಟೇಟಿಗೆ ಕಂಪ್ಯೂಟರ್ ಬಂತು. ಚಿಕ್ಕಪ್ಪ ಹೇಳಿಕಳಿಸಿದರು, ಹೆತ್ತೂರಿನಿಂದ ಎಸ್ಟೇಟ್ ಜೀಪಿನಲ್ಲಿ ಹೋದೆ. ಆಫೀಸಿನ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಗಳು ಬಾಯಿ ತೆರೆದು ಕೂತಿದ್ದವು. ಜೋಡಿಸಿಕೊಡಬೇಕಾದ ಅಂಗಡಿಯವನು ಬಂದಿರಲಿಲ್ಲ. ಸಾಹೇಬರು ಗಡಿಯಾರ ನೋಡುತ್ತ, ಹಾಸನದವನನ್ನೇ ಕರೆಸಬೇಕಿತ್ತು ಎಂದು ಗೊಣಗುತ್ತಿದ್ದರು. ಚಿಕ್ಕಪ್ಪ ಬಾಗಿಲಿಗೆ ಒರಗಿ ನಿಂತಿದ್ದರು, ನನ್ನ ಮುಖ ನೋಡುವ ಧೈರ್ಯವಿಲ್ಲದೆ ಅಂಗಳದ ಕಡೆ ತಿರುಗಿ.

ನಾನು ವೈರುಗಳನ್ನು ಬಿಡಿಸಿ ನೆಲದ ಮೇಲೆ ಸಾಲಾಗಿ ಹಾಸಿದೆ. ಒಂದೊಂದನ್ನೇ ಅದರದರ ಜಾಗಕ್ಕೆ ಸೇರಿಸಿದೆ. ಒಂದು ಹೋಗಲಿಲ್ಲ, ಹೊರಳಿಸಿ ನೋಡಿದೆ, ಹೋಯಿತು. ಗುಂಡಿ ಒತ್ತಿದಾಗ ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಒಳಗೆ ಫ್ಯಾನು ತಿರುಗಿದ ಸದ್ದು, ಪರದೆಯ ಮೇಲೆ ಬೆಳಕು. ಕೊಯ್ದ ಹಣ್ಣಿನ ಕುಕ್ಕೆ ಹೊತ್ತು ತೂಕಕ್ಕೆ ಬಂದಿದ್ದ ಹೆಂಗಸರು ಕಿಟಕಿಗೆ ಮುಖ ಒತ್ತಿದರು. ನಾನು ಕೂತು ಅವತ್ತಿನ ಹಾಜರಿ ಪಟ್ಟಿ ಶುರುಮಾಡಿದೆ.

ಸಾಹೇಬರು ಬೆನ್ನ ಹಿಂದೆ ನಿಂತು ನೋಡಿದರು. "ಎಲ್ಲಿ ಕಲಿತದ್ದು?"

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಒಳಗೆ ಬಂದರು. "ಆಲೂರಲ್ಲಿ ಸಾರ್. ನಾನು ಬ್ಯಾರೆ ಕಡೆ ಸೇರ್ಸಿ ಎಡವಟ್ಟು ಮಾಡಿದ್ದೆ. ಇವ್ಳೇ ಸರಿಮಾಡ್ಕಂಡ್ಲು."

"ಹಂಗಿದ್ರೆ ಸೋಮವಾರದಿಂದ ಬರ್ಲಿ," ಅಂದು ಸಾಹೇಬರು ತೂಕದ ಕಡೆ ಹೊರಟುಹೋದರು.

ಹೊರಗೆ ಜೀಪಿನವನು ಹಾರನ್ ಹೊಡೆದ. ಹೊತ್ತಾಯ್ತು, ಆಫ್ ಮಾಡು ಎಂದು ಚಿಕ್ಕಪ್ಪ ಅವಸರ ಮಾಡಿದರು. ಅದನ್ನು ಹಾಗೆ ಏಕಾಏಕಿ ಆರಿಸುವಂತಿಲ್ಲ, ಅದು ತನ್ನ ಕೆಲಸ ಮುಗಿಸಿ, ಇನ್ನು ಆರಿಸಬಹುದು ಅಂತ ಪರದೆಯ ಮೇಲೆ ತಾನೇ ಹೇಳಬೇಕು ಎಂದು ವಿವರಿಸಿದೆ. ಜೀಪು ಮತ್ತೊಮ್ಮೆ ಕೂಗಿತು. ಚಿಕ್ಕಪ್ಪನೂ ನಾನೂ ಪರದೆಯ ಮುಂದೆ, ಯಾವಾಗ ಹೇಳುತ್ತದೋ ಎಂದು ಕಾಲು ಬದಲಿಸುತ್ತ ನಿಂತೆವು.