ಪಠ್ಯದಿಂದ ಬಿಟ್ಟುಹೋದ ಸುಬ್ರಾಯ ಸರ್

ಇವತ್ತು ಬೆಳಿಗ್ಗೆ ಕುಮಟೆಯ ಜೆರಾಕ್ಸ್ ಅಂಗಡಿಯಲ್ಲಿ ಹೊಸ ಪಠ್ಯಕ್ರಮದ ಪ್ರತಿ ಮಾಡಿಸುತ್ತಿದ್ದೆ. ಯಂತ್ರದಿಂದ ಆಗಷ್ಟೇ ಹೊರಬಿದ್ದ ಬಿಸಿ ಕಾಗದಕ್ಕೆ ಒಂದು ವಾಸನೆ ಇರುತ್ತದಲ್ಲ, ನಿಮಗೂ ಗೊತ್ತಿರಬಹುದು. ಅದು ಮೂಗಿಗೆ ಬಡಿದದ್ದೇ ಸುಬ್ರಾಯ ಸರ್ ನೆನಪಾದರು. ನಾನು ಹೊನ್ನಾವರದಲ್ಲಿ ಬಿ.ಎ. ಓದುವಾಗ ಅರ್ಥಶಾಸ್ತ್ರ ಕಲಿಸಿದವರು. ಇಂಗ್ಲಿಷ್ ಪುಸ್ತಕ ನಮಗೆ ತಲೆಗೆ ಹತ್ತುವುದಿಲ್ಲವೆಂದು ತಾವೇ ಕನ್ನಡದಲ್ಲಿ ಬರೆದು, ಪ್ರತಿ ಮಾಡಿಸಿ, ಬಿಸಿ ಆರುವ ಮೊದಲೇ ತಂದು ಹಂಚುತ್ತಿದ್ದರು.

ಅವರ ಊರು ಕುಮಟೆಯ ಹತ್ತಿರದ ಬಾಡ. ಅತಿಥಿ ಉಪನ್ಯಾಸಕರು. ಅತಿಥಿ ಎಂಬ ಮಾತಿಗೆ ಎಷ್ಟು ಮರ್ಯಾದೆ ನೋಡಿ! ಈ ಅತಿಥಿ ಮಾತ್ರ ಪ್ರತಿ ಜೂನ್ ತಿಂಗಳಲ್ಲೂ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕಿತ್ತು.

ಅವರ ಪಾಠ ಆರ್ಥಿಕ ಚಿಂತನೆಯ ಇತಿಹಾಸ. ರಾಜ ಹೇಳಿದ, ಪಾದ್ರಿ ಹೇಳಿದ ಎಂದು ಒಪ್ಪಿಕೊಳ್ಳದೆ ಯುರೋಪಿನ ಜನ ತಾವೇ ಯೋಚಿಸಲು ಹೊರಟ ಕಾಲವಿತ್ತಲ್ಲ, ಈ ಶಾಸ್ತ್ರ ಹುಟ್ಟಿದ್ದು ಆಗ. ಫ್ರಾನ್ಸಿನ ಅರಮನೆಯ ವೈದ್ಯನೊಬ್ಬ, ಮೈಯಲ್ಲಿ ರಕ್ತ ಓಡುವ ಹಾಗೆ ದೇಶದಲ್ಲಿ ಸಂಪತ್ತು ಓಡುತ್ತದೆ, ಅದು ಹುಟ್ಟುವುದು ಮಣ್ಣಿನಲ್ಲಿ ಮಾತ್ರ ಎಂದ. ಸ್ಕಾಟ್ಲೆಂಡಿನ ಮೇಷ್ಟರೊಬ್ಬರು, ಇಲ್ಲ, ಜನರ ದುಡಿಮೆಯಲ್ಲಿ ಎಂದರು. ಆ ಮೇಷ್ಟರು ನೀತಿಶಾಸ್ತ್ರದವರು. ಪೇಟೆಯ ವ್ಯಾಪಾರದ ಬಗ್ಗೆ ಬರೆಯುವುದಕ್ಕೆ ಎಷ್ಟೋ ಮೊದಲು ಅವರು ಬರೆದದ್ದು, ಮನುಷ್ಯ ಇನ್ನೊಬ್ಬನ ನೋವನ್ನು ಹೇಗೆ ಊಹಿಸಿಕೊಳ್ಳುತ್ತಾನೆ ಎಂಬುದನ್ನು. ಇಲ್ಲಿಗೆ ಬಂದಾಗ ಸುಬ್ರಾಯ ಸರ್ ಅವರ ದನಿ ಮೆತ್ತಗಾಗುತ್ತಿತ್ತು. ನಾನು ಹೆಚ್ಚಾಗಿ ಆ ಹೊತ್ತಿಗೆ ನಿದ್ದೆ ಹೋಗಿರುತ್ತಿದ್ದೆ. ಕೂರುತ್ತಿದ್ದದ್ದು ಕಡೆಯ ಬೆಂಚಿನಲ್ಲಿ. ನನ್ನ ಅಮ್ಮ ಹೊಳೆಯಾಚೆಯ ಮಾವಿನಕುರ್ವೆಯಿಂದ ದೋಣಿಯಲ್ಲಿ ಬಂದು ಹೊನ್ನಾವರದಲ್ಲಿ ಮೀನು ಮಾರುತ್ತಿದ್ದಳು. ಆ ವಾಸನೆ ನನಗೂ ಅಂಟಿದೆ ಎಂಬ ನಾಚಿಕೆ.

ಒಂದು ದಿನ ಸರ್ ನನ್ನನ್ನೇ ಎಬ್ಬಿಸಿದರು.

"ನಿನ್ನ ಅಮ್ಮ ಬಂಗಡೆಗೆ ರೇಟು ಹೇಳೂದು ಹೆಂಗೆ?"

ಇಡೀ ತರಗತಿ ತಿರುಗಿ ನೋಡಿತು. "ಬೆಳಿಗ್ಗೆ ಜಾಸ್ತಿ ಹೇಳ್ತಾಳೆ ಸರ್. ಬಿಸಿಲೇರಿದ ಹಂಗೆ ಇಳಿಸ್ತಾಳೆ."

"ಕಡೀಗೆ ಉಳಿದದ್ದು ಎಂತ ಮಾಡ್ತಾಳೆ?"

"ಒಬ್ಬಳು ಅಜ್ಜಿ ಬರ್ತಾಳೆ. ಅವಳಿಗೆ ದುಡ್ಡಿಲ್ದೆ ಹಂಗೇ ಕೊಡ್ತಾಳೆ."

ಸರ್ ಸೀಮೆಸುಣ್ಣ ಕೆಳಗಿಟ್ಟರು. "ಆತು, ಇವತ್ತಿನ ಪಾಠ ಇಷ್ಟೇ. ಬೆಳಿಗ್ಗೆ ರೇಟು ಹೇಳಿದ್ದು, ಮಧ್ಯಾಹ್ನ ಹಂಗೇ ಕೊಟ್ಟದ್ದು, ಎರಡೂ ಒಂದೇ ಹೆಂಗಸು. ಆ ಮೇಷ್ಟ್ರಿಗೆ ಇದು ಗೊತ್ತಿತ್ತು. ಆಮೇಲೆ ಬಂದ ಅರ್ಥಶಾಸ್ತ್ರದವರು ಬೆಳಿಗ್ಗೆಯ ಹೆಂಗಸನ್ನ ಮಾತ್ರ ಇಟ್ಕಂಡ್ರು."

ಅವತ್ತು ಸಂಜೆ ಅಮ್ಮನ ಬುಟ್ಟಿಯನ್ನು ಪೇಟೆಯ ನಡುವೆ ನಾನೇ ಹೊತ್ತುಕೊಂಡು ದೋಣಿಯವರೆಗೆ ನಡೆದೆ. ಅಮ್ಮನಿಗೆ ಆಶ್ಚರ್ಯವಾಗಿರಬೇಕು.

ನಾನೂ ಅದೇ ವಿಷಯ ಓದಿದೆ, ಕುಮಟೆಯಲ್ಲಿ ಕಾಯಂ ಉಪನ್ಯಾಸಕಿಯಾದೆ. ವಿಶ್ವವಿದ್ಯಾಲಯದ ಪಠ್ಯಕ್ರಮ ಸಮಿತಿಯಲ್ಲೂ ಕುರ್ಚಿ ಸಿಕ್ಕಿತು. ಕೆಲವು ವರ್ಷಗಳ ಹಿಂದೆ ಸಮಿತಿಯ ಮುಂದೆ ಒಂದು ಸಲಹೆ ಬಂತು: ಆರ್ಥಿಕ ಚಿಂತನೆಯ ಇತಿಹಾಸದಿಂದ ಯಾರಿಗೂ ಕೆಲಸ ಸಿಗುವುದಿಲ್ಲ, ತೆಗೆಯೋಣ. ಸುಬ್ರಾಯ ಸರ್ ಆಗಲೂ ಅತಿಥಿಯೇ; ಅವರ ಕೈಯಲ್ಲಿದ್ದದ್ದು ಆ ಒಂದು ಪಾಠ. ಮೇಜಿನ ಸುತ್ತ ಅದು ಗೊತ್ತಿದ್ದವಳು ನಾನೊಬ್ಬಳೇ. ಯಾರೂ ವಿರೋಧಿಸಲಿಲ್ಲ. ಕಾಗದ ನನ್ನ ಕಡೆಗೂ ಬಂತು. ಸಹಿ ಹಾಕಿದೆ. ಆ ಜೂನ್‌ನಿಂದ ಅವರಿಗೆ ಕರೆ ಬರಲಿಲ್ಲ. ಒಮ್ಮೆ ಕುಮಟೆಯ ಬಸ್ ನಿಲ್ದಾಣದಲ್ಲಿ ಕಂಡರು. ಬಸ್ಸಿನೊಳಗೆ ಕೂತಿದ್ದ ನಾನು ಕಿಟಕಿಯ ಪರದೆ ಎಳೆದುಕೊಂಡೆ.

ಇಷ್ಟೆಲ್ಲ ನೆನಪಾದ ಮೇಲೆ ನೇರ ಕಾಲೇಜಿಗೆ ಹೋಗಲಾಗಲಿಲ್ಲ. ರಿಕ್ಷಾ ಹಿಡಿದು ಬಾಡಕ್ಕೆ ಹೋದೆ. ಸರ್ ಯಾರದೋ ಅಂಗಳದಲ್ಲಿ ಕೂಲಿಗೆ ತೆಂಗಿನಕಾಯಿ ಸುಲಿಯುತ್ತಿದ್ದರು. ಗುರುತು ಹಿಡಿದರು. ಕೈ ನಿಲ್ಲಲಿಲ್ಲ.

"ಎಂತ, ಇಷ್ಟು ದೂರ?"

"ಸರ್, ಆ ಪಾಠ ತೆಗೆದ ಸಭೇಲಿ ನಾನೂ ಇದ್ದೆ. ಸಹಿ ಹಾಕ್ದೆ."

"ಗೊತ್ತಿತ್ತು. ಕಾಗದದಲ್ಲಿ ನಿನ್ನ ಹೆಸರು ನೋಡಿದ್ದೆ."

ಇನ್ನೊಂದು ಕಾಯಿ ಎತ್ತಿಕೊಂಡರು. ಬೈಯಬಹುದಿತ್ತು. ಬೈಯಲಿ ಎಂದೇ ನಾನು ಬಂದಿದ್ದೆನೋ ಏನೋ.

"ತಪ್ಪು ನಂದೂ ಇದ್ದು ತಂಗಿ," ಎಂದರು. "ನಿಮಗೆ ನಾ ತಪ್ಪು ಕಲಿಸ್ದೆ. ಮನುಷ್ಯ ಇನ್ನೊಬ್ಬನ ಕಷ್ಟ ಊಹಿಸ್ಕಳ್ತಾನೆ ಅಂತ ಆ ಮೇಷ್ಟ್ರು ಹೇಳಿದ್ದು ಖರೆ. ಊಹಿಸ್ಕಂಡ ಮೇಲೆ ಸುಮ್ನೆ ಕೂರೂದಿಲ್ಲ ಅಂತ ನಾ ನಿಮಗೆ ಹೇಳ್ತಿದ್ದೆ. ಅದು ನಾ ಸೇರಿಸಿದ್ದು."

"ನಮ್ಮ ಕಾಲೇಜಿಗೆ ಬನ್ನಿ ಸರ್. ಒಂದು ದಿನ ಮಕ್ಕಳಿಗೆ..."

"ಬೇಡ. ಈಗ ಆ ಮಾತಿನ ಮೇಲೆ ನಂಗೇ ನಂಬಿಕೆ ಇಲ್ಲ." ಮತ್ತೆ ನನ್ನ ಕಡೆ ನೋಡಲಿಲ್ಲ. ನಾನು ರಿಕ್ಷಾ ಹತ್ತಿ ಬಂದುಬಿಟ್ಟೆ.

ಈಗ ಕಾಲೇಜಿಗೆ ಮರಳಿ, ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತಿದ್ದೇನೆ. ಸಭೆಯ ದಿನ ನನಗೆ ಏನೂ ಹೊಳೆಯಲಿಲ್ಲ, ಎಲ್ಲರೂ ಹಾಕಿದರೆಂದು ನಾನೂ ಹಾಕಿದೆ ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಅದು ಸುಳ್ಳು. ಕಾಗದ ಮುಂದೆ ಬಂದಾಗ ನನಗೆ ಎಲ್ಲವೂ ಕಣ್ಣಿಗೆ ಕಟ್ಟಿತ್ತು: ಮಳೆ ಹಿಡಿದ ಜೂನ್, ಇಸ್ತ್ರಿ ಮಾಡಿಟ್ಟ ಅಂಗಿ, ಫೋನು ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತ ಸರ್. ಅಷ್ಟನ್ನೂ ನೋಡಿದೆ. ನೋಡಿಯೇ ಪೆನ್ನಿನ ಮುಚ್ಚಳ ತೆಗೆದೆ.